ಆಫ್ರಿಕನ್ ಸಿಕ್ಲಿಡ್ ಟ್ಯಾಂಕ್‌ಗೆ ಎಪಿಐ ಟೆಸ್ಟ್ ಕಿಟ್: ಮೊದಲು ಇದನ್ನು ಕೊಳ್ಳಿ, ಮೀನು ಆಮೇಲೆ

ಸಿಕ್ಲಿಡ್ ಅನ್ನೋ ಬಣ್ಣದ ಅಕ್ವೇರಿಯಂ ಮೀನು ಸಾಕಲು ಹೊರಟವರು ಮೊದಲು ಟ್ಯಾಂಕ್ ನೋಡುತ್ತಾರೆ, ಆಮೇಲೆ ಲೈಟು, ಆಮೇಲೆ ಹಿಂದೆ ಅಂಟಿಸುವ ನೀಲಿ ಪೋಸ್ಟರು. ಮೊದಲ ದುಡ್ಡು ನೀರು ಪರೀಕ್ಷಿಸುವ ಕಿಟ್‌ಗೆ ಹೋಗಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ತುಮಕೂರಿನ ನಮ್ಮ ಮನೆಯಲ್ಲಿ ನಾಲ್ಕಡಿಯ ಟ್ಯಾಂಕ್ ಇದೆ. ಅದರ ತುಂಬ ಮಲಾವಿ ಸರೋವರದ ಬಂಡೆ ವಾಸಿ ಮೀನುಗಳು, ಅಂದರೆ ಎಂಬುನಾಗಳು. ಆ ಟ್ಯಾಂಕ್‌ಗೆ ನೀರು ತುಂಬಿದಾಗಿನಿಂದ ಬಳಸುತ್ತಿರುವುದು ಎಪಿಐ ಅನ್ನೋ ಕಂಪನಿಯ ಫ್ರೆಶ್‌ವಾಟರ್ ಮಾಸ್ಟರ್ ಟೆಸ್ಟ್ ಕಿಟ್.

ಪೆಟ್ಟಿಗೆಯಲ್ಲಿ 7 ಪುಟ್ಟ ಬಾಟಲಿ, 4 ಗಾಜಿನ ಟ್ಯೂಬು, ಒಂದು ಬಣ್ಣದ ಚಾರ್ಟು. ಟ್ಯೂಬಿಗೆ 5 ಎಂಎಲ್ ಗೆರೆಯವರೆಗೆ ಟ್ಯಾಂಕ್ ನೀರು ತುಂಬಿ, ಹೇಳಿದಷ್ಟು ಹನಿ ಹಾಕಿ, ಬಂದ ಬಣ್ಣವನ್ನು ಚಾರ್ಟಿನ ಪಕ್ಕ ಹಿಡಿದರೆ ಆಯಿತು.

ನಮ್ಮಂಥವರು ಇದನ್ನೇ ಆರಿಸಲು ಮುಖ್ಯ ಕಾರಣ ಹೈ ರೇಂಜ್ ಪಿಎಚ್ ಬಾಟಲಿ. ಪಿಎಚ್ ಅಂದರೆ ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಅನ್ನುವ ಅಳತೆ. ಮಾಮೂಲಿ ಪಿಎಚ್ ಬಾಟಲಿ 6.0ರಿಂದ 7.6ರವರೆಗೆ ಮಾತ್ರ ತೋರಿಸುತ್ತದೆ. ಮಲಾವಿ ಸರೋವರದ ನೀರು ಶುರುವಾಗುವುದೇ ಹೆಚ್ಚುಕಡಿಮೆ 7.7ರಿಂದ, ಹೋಗುವುದು 8.6ರವರೆಗೆ. ಹೈ ರೇಂಜ್ ಬಾಟಲಿ 7.4ರಿಂದ 8.8ರವರೆಗೆ ಅಳೆಯುತ್ತದೆ. ಬೋರ್ ನೀರಿನ ಮನೆಯವರಿಗೆ ಇಲ್ಲೊಂದು ಸಂಗತಿ ಗೊತ್ತಿರಲಿ. ನಲ್ಲಿಯಿಂದ ಆಗಷ್ಟೇ ಹಿಡಿದ ನೀರನ್ನು ಪರೀಕ್ಷಿಸಿದರೆ ಪಿಎಚ್ ಕಡಿಮೆ ತೋರಿಸಬಹುದು. ನೆಲದಡಿಯ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಅದೇ ಕಾರಣ. ಅದೇ ನೀರನ್ನು ಬಕೆಟ್‌ನಲ್ಲಿಟ್ಟು ರಾತ್ರಿಯಿಡೀ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿಟ್ಟು, ಬೆಳಿಗ್ಗೆ ನೋಡಿ. ನಮ್ಮ ಮನೆಯಲ್ಲಿ 7.4 ಇದ್ದದ್ದು 8.2ಕ್ಕೆ ಏರಿತ್ತು. ಗೀಸರ್ ಕಾಯಿಲ್‌ಗೆ ಬಿಳಿ ಕರೆ ಕಟ್ಟುತ್ತದೆ ಅಂತ ಎಲ್ಲರೂ ಬೈಯುವ ನೀರು ಈ ಮೀನುಗಳಿಗೆ ಒಗ್ಗುತ್ತದೆ, ಸಂತೋಷ ಅಲ್ವಾ?

ಆದರೆ ಅಮೋನಿಯಾ ಬಾಟಲಿಗಳೇ ಈ ಕಿಟ್‌ನ ಜೀವ. ಮೀನಿನ ಮಲಮೂತ್ರ, ಉಳಿದ ಆಹಾರ ಎಲ್ಲವೂ ಕೊನೆಗೆ ಅಮೋನಿಯಾ ಆಗುತ್ತವೆ. ಪಿಎಚ್ ಒಂದು ಅಂಕ ಏರಿದರೆ ಅದರಲ್ಲಿನ ವಿಷದ ಭಾಗ ಸುಮಾರು ಹತ್ತು ಪಟ್ಟಾಗುತ್ತದೆ. ಟೆಟ್ರಾದಂಥ ಪುಟ್ಟ ಮೀನು ಸಾಕಿದವರು 7ರ ಆಸುಪಾಸಿನ ನೀರಿನಲ್ಲಿ ಹೇಗೋ ದಾಟಿಸಿಕೊಂಡ ಅಮೋನಿಯಾ, 8.2ರ ನೀರಿನಲ್ಲಿ ಮೀನಿನ ಕಿವಿರು ಸುಡುತ್ತದೆ. ಅದರ ಮೇಲೆ ಎಂಬುನಾಗಳನ್ನು ನಾವು ಬೇಕೆಂದೇ ಸ್ವಲ್ಪ ಒತ್ತಾಗಿ ಇಡುತ್ತೇವೆ. ಕಡಿಮೆ ಮೀನು ಇದ್ದರೆ ಒಂದು ಗಂಡು ಇಡೀ ಟ್ಯಾಂಕ್ ನನ್ನದು ಅಂತ ಒಬ್ಬೊಬ್ಬರನ್ನೇ ಅಟ್ಟಾಡಿಸುತ್ತದೆ. ಜಾಸ್ತಿ ಇದ್ದರೆ ಏಟು ಹಂಚಿಹೋಗುತ್ತದೆ. ಮೀನು ಜಾಸ್ತಿ ಅಂದರೆ ಕೊಳೆ ಜಾಸ್ತಿ. ಹಾಗಾಗಿ ದೊಡ್ಡ ಫಿಲ್ಟರ್, ವಾರ ವಾರ ನೀರು ಬದಲಾವಣೆ, ಜೊತೆಗೆ ಈ ಕಿಟ್, ಮೂರೂ ಒಟ್ಟಿಗೇ ಬೇಕು.

ಮೀನು ತರುವ ಮೊದಲೇ ಇದು ದುಡ್ಡಿಗೆ ತಕ್ಕ ಕೆಲಸ ಮಾಡುತ್ತದೆ. ಬಂಡೆಗಳನ್ನು ನೇರವಾಗಿ ತಳದ ಗಾಜಿನ ಮೇಲೆ ಜೋಡಿಸಿ, ಆಮೇಲೆ ಮರಳು ಸುರಿಯಿರಿ. ಎಂಬುನಾ ಮರಳು ಅಗೆಯುತ್ತದೆ, ಮರಳ ಮೇಲಿಟ್ಟ ಬಂಡೆ ಜಾರಿ ಗಾಜಿಗೆ ಬೀಳುತ್ತದೆ. ಫಿಲ್ಟರ್ ಓಡಿಸಿ, ಖಾಲಿ ಟ್ಯಾಂಕ್‌ಗೆ ದಿನಾ ಚಿಟಿಕೆ ಮೀನಿನ ಆಹಾರ ಹಾಕುತ್ತಾ ಪರೀಕ್ಷಿಸುತ್ತಾ ಬನ್ನಿ. ಮೊದಲು ಅಮೋನಿಯಾ ಏರುತ್ತದೆ. ಫಿಲ್ಟರ್‌ನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಹಾಗಾಗಿ ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ. ಕೊನೆಗೆ ಎರಡೂ ಸೊನ್ನೆಯಾಗಿ, ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾತ್ರ ಕಾಣುತ್ತದೆ. ಇದಕ್ಕೆ ನಾಲ್ಕರಿಂದ ಆರು ವಾರ ಬೇಕಾಗಬಹುದು. ಆಗ ಮೀನು ತನ್ನಿ.

ಯಾವ ಮೀನು? ಎಲೆಕ್ಟ್ರಿಕ್ ಯೆಲ್ಲೋ, ರಸ್ಟಿ, ಯೆಲ್ಲೋ ಟೇಲ್ ಅಸೈ. ಎಂಬುನಾಗಳಲ್ಲಿ ಇವು ಸಾಧು. ಆರಾಟಸ್ ಮತ್ತು ಕೆನ್ಯಿ ಮರಿಯಾಗಿದ್ದಾಗ ಬಹಳ ಚೆಂದ, ಬೆಳೆದ ಮೇಲೆ ಉಳಿದವರನ್ನು ಬದುಕಲು ಬಿಡುವುದಿಲ್ಲ. 'ಮಿಕ್ಸ್ ಸಿಕ್ಲಿಡ್' ಅಂತ ಒಂದೇ ಟಬ್‌ನಲ್ಲಿ ಇಟ್ಟಿರುವುದನ್ನು ದಯವಿಟ್ಟು ಕೊಳ್ಳಬೇಡಿ. ಒಂದು ಗಂಡಿಗೆ ಮೂರ್ನಾಲ್ಕು ಹೆಣ್ಣು ಇರಲಿ. ಆಹಾರಕ್ಕೆ ಸ್ಪಿರುಲಿನಾ ಅನ್ನೋ ಪಾಚಿ ಇರುವುದನ್ನೇ ಹಾಕಿ. ಬಂಡೆಯ ಪಾಚಿ ಕೆರೆದು ತಿನ್ನುವ ಮೀನಿಗೆ ಮಾಂಸದ ಆಹಾರ ಹೊಟ್ಟೆ ಕೆಡಿಸುತ್ತದೆ.

ಕಿಟ್‌ಗೆ ಮರಳೋಣ. ನೈಟ್ರೇಟ್ ಪರೀಕ್ಷೆಗೆ ತಾಳ್ಮೆ ಬೇಕು. ಎರಡನೇ ಬಾಟಲಿಯನ್ನು 30 ಸೆಕೆಂಡ್ ಜೋರಾಗಿ ಅಲುಗಾಡಿಸಿ, ಹನಿ ಹಾಕಿದ ಮೇಲೆ ಟ್ಯೂಬನ್ನು ಪೂರ್ತಿ ಒಂದು ನಿಮಿಷ ಅಲುಗಾಡಿಸಿ, ಮತ್ತೆ 5 ನಿಮಿಷ ಕಾಯಬೇಕು. ಇದನ್ನು ಬಿಟ್ಟರೆ ನೈಟ್ರೇಟ್ ಇದ್ದರೂ ಕಡಿಮೆ ತೋರಿಸುತ್ತದೆ. ನಮ್ಮಲ್ಲಿ ಆ ಕೆಲಸ ಮಗಳದ್ದು. ಬಣ್ಣ ಓದುವುದರಲ್ಲೂ ಅವಳೇ ಮುಂದೆ. 'ಅಪ್ಪಾ, ಕಿಟಕಿ ಹತ್ರ ಬಾ, ಅಲ್ಲಿ ನೋಡು' ಅಂತಾಳೆ. ಸರಿಯಾದ ಮಾತು. ಹಳದಿ ಬಲ್ಬಿನ ಕೆಳಗೆ ಅಮೋನಿಯಾದ ಸೊನ್ನೆ ಮತ್ತು 0.25 ಒಂದೇ ಥರ ಕಾಣುತ್ತವೆ, ಹಗಲು ಬೆಳಕಿನಲ್ಲಿ ಹಳದಿಗೂ ತಿಳಿ ಹಸಿರಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಬಣ್ಣ ನೋಡಿ ಅಳೆಯುವ ಎಲ್ಲ ಕಿಟ್‌ಗಳಿಗೂ ಇರುವ ಮಿತಿ ಇದು. ಟ್ಯೂಬಿನ ನೀರನ್ನು ಸಿಂಕ್‌ಗೆ ಚೆಲ್ಲಿ, ಟ್ಯಾಂಕ್‌ಗೆ ವಾಪಸ್ ಸುರಿಯಬೇಡಿ. ನೈಟ್ರೇಟ್‌ನ ಮೊದಲ ಬಾಟಲಿಯಲ್ಲಿ ಆಸಿಡ್ ಇದೆ, ಚಿಕ್ಕ ಮಕ್ಕಳ ಕೈಗೆ ಸಿಗದಂತಿಡಿ.

ಬೆಲೆ ಜಾಸ್ತಿ ಅನಿಸಬಹುದು. ಆದರೆ 800 ಪರೀಕ್ಷೆಗೆ ಸಾಕು ಅಂತ ಕಂಪನಿಯೇ ಹೇಳುತ್ತದೆ, ಒಂದು ಮನೆಯ ಟ್ಯಾಂಕ್‌ಗೆ ಅದು ಬಹಳ ಕಾಲ ಬರುತ್ತದೆ. ನನಗೆ ಬೇಸರವಿರುವುದು ಒಂದೇ. 'ಮಾಸ್ಟರ್' ಅಂತ ಹೆಸರಿಟ್ಟೂ ಇದರೊಳಗೆ ಜಿಎಚ್ (ನೀರಿನ ಒಟ್ಟು ಗಡಸುತನ), ಕೆಎಚ್ (ಕಾರ್ಬೊನೇಟ್ ಗಡಸುತನ) ಪರೀಕ್ಷೆ ಇಲ್ಲ. ಸಿಕ್ಲಿಡ್ ಸಾಕುವವರಿಗೆ ಕೆಎಚ್ ತುಂಬ ಮುಖ್ಯ, ಪಿಎಚ್ ದಿಢೀರ್ ಕುಸಿಯದಂತೆ ಹಿಡಿದಿಡುವುದೇ ಅದು. ಅವೆರಡರ ಕಿಟ್ ಅದೇ ಕಂಪನಿಯಲ್ಲಿ ಬೇರೆಯಾಗಿ ಸಿಗುತ್ತದೆ, ಜೊತೆಗೇ ತರಿಸಿಕೊಳ್ಳಿ. ಕೆಎಚ್‌ಗೆ ನೀಲಿ ನೀರು ಹಳದಿಯಾಗುವವರೆಗೆ ಹನಿ ಎಣಿಸಿದರೆ ಸಾಕು, ಒಂದು ಹನಿಗೆ ಒಂದು ಡಿಗ್ರಿ ಗಡಸುತನ. ನಮ್ಮ ಬೋರ್ ನೀರಿಗೆ 14 ಹನಿ ಬೇಕಾಯಿತು. ಹಾಗಾಗಿ ಕೆಎಚ್, ಪಿಎಚ್ ಏರಿಸಲು ಅಂಗಡಿಯಲ್ಲಿ ಸಿಗುವ ಸಿಕ್ಲಿಡ್ ಬಫರ್ ಪುಡಿ ನಮಗೆ ಬೇಕಾಗಲೇ ಇಲ್ಲ. ಮನೆಗೆ ಆರ್‌ಒ ನೀರೋ ಮಳೆ ನೀರೋ ಬಳಸುವವರಿಗೆ ಆ ಪುಡಿ ಬೇಕಾಗುತ್ತದೆ. ನೀವು ಯಾವ ಗುಂಪಿಗೆ ಸೇರುತ್ತೀರಿ ಅಂತ ಹನಿ ಎಣಿಸಿ ನೋಡಿಕೊಂಡು, ಆಮೇಲೆ ಡಬ್ಬಿ ಕೊಳ್ಳಿ.