ಹಡಗಿನ ಊಟಕ್ಕೆ ಎಕ್ಸ್‌ಟ್ರಾ ದುಡ್ಡು: ಎಲ್ಲಿ ಕೊಡಬಹುದು, ಎಲ್ಲಿ ಬೇಡ

ಐಷಾರಾಮಿ ಕ್ರೂಸ್‌ಗಳಲ್ಲಿ ತಲೆಗೆ ಒಂದು ರಾತ್ರಿಯ ಖರ್ಚು 500 ಡಾಲರ್ ದಾಟುವುದು ಸಾಮಾನ್ಯ. ಕೋಣೆ, ಊಟ, ತಿಂಡಿ, ಬಹಳ ಕಡೆ ವೈನ್ ಮತ್ತು ಟಿಪ್ಸ್ ಕೂಡ ಅದರಲ್ಲೇ ಸೇರಿರುತ್ತದೆ. ಅಷ್ಟೆಲ್ಲ ಕೊಟ್ಟು ಹಡಗು ಹತ್ತಿದ ಮೇಲೆ, ಯಾವುದೋ ಒಂದು ಬಾಗಿಲಲ್ಲಿ ನಿಲ್ಲಿಸಿ "ಇಲ್ಲಿ ಊಟಕ್ಕೆ ಬೇರೆ ಚಾರ್ಜ್" ಅಂದರೆ ಮೈ ಉರಿಯುತ್ತದೆ, ಅಲ್ವಾ? ನನಗಂತೂ ಉರಿಯುತ್ತದೆ. ಹಾಗಂತ ಕೊಡದೆ ಇದ್ದೇನೆ ಅಂತಲ್ಲ. ಕೆಲವು ಕಡೆ ಕೊಟ್ಟಿದ್ದೇನೆ, ಅದರಲ್ಲಿ ಕೆಲವು ಕಡೆ ಇನ್ನೊಮ್ಮೆಯೂ ಕೊಡುತ್ತೇನೆ.

ನಾನು ಕರಾವಳಿಯವಳು, ಮೀನಿಲ್ಲದಿದ್ದರೆ ಊಟ ಸೇರುವುದಿಲ್ಲ. ನಮ್ಮ ಯಜಮಾನರು ಮೈಸೂರಿನವರು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹಾಗಾಗಿ ನಾವು ಎಲ್ಲಿ ಕೂತರೂ ಆ ಅಡುಗೆಮನೆಗೆ ಎರಡು ಪರೀಕ್ಷೆ. ಇಷ್ಟು ಹಡಗುಗಳಲ್ಲಿ ಉಂಡ ಮೇಲೆ ನನಗೆ ಅನಿಸಿದ್ದು ಇದು: ಹಡಗು ದುಬಾರಿಯಾದಷ್ಟೂ ಎಕ್ಸ್‌ಟ್ರಾ ಕೊಟ್ಟಿದ್ದಕ್ಕೆ ಸಿಗುವುದು ಕಮ್ಮಿ. ಉಲ್ಟಾ ಅನಿಸಬಹುದು. ಕಾರಣ ಅಡುಗೆಮನೆಯಲ್ಲಿದೆ.

ಮೊದಲು ಕ್ವೀನ್ ಮೇರಿ 2 ಹಡಗು. ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಸಾಮಾನ್ಯವಾಗಿ 7 ರಾತ್ರಿ, ಸುತ್ತಲೂ ನೀರು ಬಿಟ್ಟರೆ ಬೇರೇನಿಲ್ಲ. ಇಲ್ಲಿ ನಿಮ್ಮ ಕೋಣೆ ಯಾವುದು ಅನ್ನುವುದರ ಮೇಲೆ ನಿಮ್ಮ ಊಟದ ಜಾಗ. ದೊಡ್ಡ ಸೂಟ್ ಕೋಣೆಯವರಿಗೆ ಕ್ವೀನ್ಸ್ ಗ್ರಿಲ್, ಅವರಿಗಿಂತ ಒಂದು ಮೆಟ್ಟಿಲು ಕೆಳಗಿನವರಿಗೆ ಪ್ರಿನ್ಸೆಸ್ ಗ್ರಿಲ್, ಮಿಕ್ಕ ನಮ್ಮಂಥ ಬಹುಪಾಲು ಜನಕ್ಕೆ ಬ್ರಿಟಾನಿಯಾ. ದುಡ್ಡು ಕೊಡುತ್ತೇನೆ ಅಂದರೂ ಗ್ರಿಲ್‌ಗಳ ಒಳಗೆ ಬಿಡುವುದಿಲ್ಲ. ಬ್ರಿಟಾನಿಯಾದವರು ಚಾರ್ಜ್ ಕೊಟ್ಟು ಹೋಗಬಹುದಾದ ಜಾಗ ಅಂದರೆ ವೆರಾಂಡಾ.

ಬ್ರಿಟಾನಿಯಾ ನೋಡಲು ಅರಮನೆ. ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಕೂರುವ ಹಾಲ್. ಅಷ್ಟು ಜನ ಅರ್ಧ ಗಂಟೆಯೊಳಗೆ ಆರ್ಡರ್ ಕೊಟ್ಟರೆ ಯಾವ ಅಡುಗೆಮನೆಯೂ ಮದುವೆ ಪಂಕ್ತಿಯ ಲೆಕ್ಕದಲ್ಲೇ ನಡೆಯಬೇಕು. ಇಂಥ ದೊಡ್ಡ ಹಾಲ್‌ಗಳಲ್ಲಿ ಸಾಸ್ ಮೊದಲೇ ತಯಾರಾಗಿ ಬಿಸಿಯಲ್ಲಿ ಕಾಯುತ್ತಿರುತ್ತದೆ. ತಟ್ಟೆಗಳು ಸಾಲಾಗಿ ತುಂಬುತ್ತವೆ. ರುಚಿ ಕೆಡುವುದಿಲ್ಲ, ಆದರೆ ಬೇಯಿಸಿ ಇಳಿಸಿದ ಆ ಕ್ಷಣದ ಬಿಸಿ, ಗರಿಗರಿ ಸಿಗುವುದು ಕಷ್ಟ. ಮೀನಿಗೆ ಎರಡು ನಿಮಿಷ ಜಾಸ್ತಿಯಾದರೂ ಸಾಕು, ಗೊತ್ತಾಗಿಬಿಡುತ್ತದೆ. ವೆರಾಂಡಾ ಚಿಕ್ಕ ಜಾಗ. ಆರ್ಡರ್ ಕೊಟ್ಟ ಮೇಲೆ ಬಾಣಲೆ ಒಲೆಗೇರುತ್ತದೆ. ನಾನು ತಿಂದ ಮೀನಿನ ಚರ್ಮ ಚಾಕು ತಾಗಿದಾಗ ಸದ್ದು ಮಾಡಿತು. ಅಷ್ಟಕ್ಕೇ ಕೊಟ್ಟ ದುಡ್ಡು ಸಾರ್ಥಕ. ಮಧ್ಯಾಹ್ನದ ಊಟಕ್ಕೆ ಚಾರ್ಜ್ ರಾತ್ರಿಗಿಂತ ಕಮ್ಮಿ. ಏಳು ರಾತ್ರಿಯೂ ಸಮುದ್ರದ ಮೇಲೇ ಇರುವ ಪ್ರಯಾಣದಲ್ಲಿ ಒಂದು ಮಧ್ಯಾಹ್ನ ಅಲ್ಲಿ ಕಳೆಯುವುದು ನನ್ನ ಪ್ರಕಾರ ಒಳ್ಳೆಯ ಲೆಕ್ಕ.

ವೆರಾಂಡಾ ಅನ್ನುವ ಹೆಸರು ಹಳೆಯದು. 1936ರ ಮೊದಲ ಕ್ವೀನ್ ಮೇರಿಯಲ್ಲಿ ವೆರಾಂಡಾ ಗ್ರಿಲ್ ಇತ್ತು, ಮೊದಲ ದರ್ಜೆಯವರೂ ಅಲ್ಲಿ ಬೇರೆ ದುಡ್ಡು ಕೊಡಬೇಕಿತ್ತು. ಅದಕ್ಕೂ ಮುಂಚೆ, 1905ರಲ್ಲಿ, ಜರ್ಮನಿಯ ಅಮೇರಿಕಾ ಅನ್ನುವ ಹಡಗಿನಲ್ಲಿ ರಿಟ್ಜ್ ಹೆಸರಿನ ರೆಸ್ಟೋರೆಂಟ್ ಶುರುವಾಗಿತ್ತು. ಟೈಟಾನಿಕ್‌ನಲ್ಲಿ ಲುಯಿಜಿ ಗಟ್ಟಿ ನಡೆಸುತ್ತಿದ್ದ ರೆಸ್ಟೋರೆಂಟ್ ಕೂಡ ಹೀಗೆಯೇ. ಆದರೆ ಅಲ್ಲಿ ಒಂದು ನ್ಯಾಯ ಇತ್ತು: ಪ್ರಯಾಣ ಪೂರ್ತಿ ಅಲ್ಲೇ ಉಣ್ಣುತ್ತೇನೆ ಅಂತ ಮೊದಲೇ ಹೇಳಿದವರಿಗೆ ಟಿಕೆಟ್‌ನಲ್ಲಿ ಸ್ವಲ್ಪ ದುಡ್ಡು ಬಿಡುತ್ತಿದ್ದರು. ಈಗಿನ ಯಾವ ಕಂಪನಿಯಾದರೂ ಹಾಗೆ ಮಾಡಲಿ ನೋಡೋಣ! ಆ ಕಾಲದ ದೊಡ್ಡ ಹಾಲ್‌ನಲ್ಲಿ ಊಟಕ್ಕೆ ಗಂಟೆ ನಿಗದಿ. ಗಟ್ಟಿಯವರ ಕಡೆ ಬೆಳಿಗ್ಗೆಯಿಂದ ರಾತ್ರಿವರೆಗೆ ಬೇಕಾದಾಗ ಹೋಗಬಹುದಿತ್ತು. ಅಂದರೆ ಎಕ್ಸ್‌ಟ್ರಾ ದುಡ್ಡಿಗೆ ಜನ ಕೊಂಡಿದ್ದು ಆಯ್ಕೆ ಮತ್ತು ಸಮಯ.

ಈಗ ಇನ್ನೊಂದು ತುದಿ, ಓಷಿಯಾನಿಯಾ ಕಂಪನಿಯ ರಿವಿಯೆರಾ. 2012ರ ಹಡಗು, ಸುಮಾರು 1,250 ಜನ. ಇಟಾಲಿಯನ್‌ಗೆ ಟೊಸ್ಕಾನಾ, ಸ್ಟೇಕ್‌ಗೆ ಪೋಲೋ ಗ್ರಿಲ್, ಏಷ್ಯಾದ ಅಡುಗೆಗೆ ರೆಡ್ ಜಿಂಜರ್, ಫ್ರೆಂಚ್ ಅಡುಗೆಗೆ ಬಾಣಸಿಗ ಝಾಕ್ ಪೆಪಾನ್ ಹೆಸರಿನ ಝಾಕ್. ಯಾವುದಕ್ಕೂ ಎಕ್ಸ್‌ಟ್ರಾ ಇಲ್ಲ. ಆದರೆ ಸಾಮಾನ್ಯ ಕೋಣೆಯವರಿಗೆ ಮುಂಗಡ ಬುಕಿಂಗ್‌ಗೆ ಮಿತಿ ಇದೆ. ಮತ್ತೆ ಹೋಗಬೇಕಾದರೆ ಹಡಗಿನಲ್ಲಿ ಟೇಬಲ್ ಖಾಲಿ ಆಗುತ್ತದಾ ಅಂತ ವಿಚಾರಿಸುತ್ತಿರಬೇಕು. ಸಂಜೆ ಆರೂವರೆಗೆ ಹೋಗಿ ಕೇಳಿದರೆ ಬಹಳ ಸಲ ಸಿಗುತ್ತದೆ. ಎಂಟು ಗಂಟೆ ಬೇಕು ಅನ್ನುವವರಿಗೆ ಕಷ್ಟ.

ರೆಡ್ ಜಿಂಜರ್‌ನ ಮಿಸೊ (ಸೋಯಾ ಹುದುಗಿಸಿ ಮಾಡುವ ಜಪಾನಿ ಪೇಸ್ಟ್) ಹಚ್ಚಿದ ಸೀ ಬಾಸ್ ಮೀನು ಈ ಕಂಪನಿಯ ಹೆಸರಾಂತ ತಿನಿಸು. ಹೆಸರಿಗೆ ತಕ್ಕಂತೆ ಇದೆ. ಸಿಹಿ ಸ್ವಲ್ಪ ಮುಂದೆ, ಉಪ್ಪು ಹಿಂದೆ, ಮೀನು ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ವೆರಾಂಡಾದಲ್ಲಿ ದುಡ್ಡು ಕೊಟ್ಟು ತಿಂದಿದ್ದಕ್ಕೂ ಇದಕ್ಕೂ ಅಡುಗೆಯಲ್ಲಿ ಅಂತರ ಕಾಣಲಿಲ್ಲ. ಯಜಮಾನರಿಗಂತೂ ಇಲ್ಲಿ ಹಬ್ಬ. 2017ರಿಂದ ಓಷಿಯಾನಿಯಾ ದೊಡ್ಡ ಡೈನಿಂಗ್ ರೂಮಿನಲ್ಲಿ ಹಾಲು, ಮೊಟ್ಟೆ, ಮಾಂಸ ಯಾವುದೂ ಇಲ್ಲದ ಅಡುಗೆಗಳ ಬೇರೆ ಮೆನುವನ್ನೇ ಇಟ್ಟಿದೆ. ಅವರು ಸ್ಪೆಷಾಲಿಟಿ ರೆಸ್ಟೋರೆಂಟ್ (ಟೊಸ್ಕಾನಾ, ರೆಡ್ ಜಿಂಜರ್‌ನಂಥ ಒಂದೊಂದೇ ಬಗೆಯ ಅಡುಗೆಯ ಜಾಗ) ಬಿಟ್ಟು ಅಲ್ಲಿಗೇ ಹೋಗೋಣ ಅನ್ನುತ್ತಿದ್ದರು.

ಫ್ರೀ ಅನ್ನುವುದೇನೂ ಇಲ್ಲ, ಎಲ್ಲ ಟಿಕೆಟ್‌ನಲ್ಲೇ ಸೇರಿದೆ ಅಂತ ನೀವು ಹೇಳಬಹುದು. ಸರಿ. ಆದರೆ ಉಣ್ಣುವವರ ಮನಸ್ಸು ಬೇರೆ ಥರ ಇರುತ್ತದೆ. ಚಾರ್ಜ್ ಇಲ್ಲದ ಕಡೆ ಒಂದು ಸೂಪ್, ಒಂದು ಮೀನು ತಿಂದು ಎದ್ದು ಬರಬಹುದು. ಚಾರ್ಜ್ ಕೊಟ್ಟ ಕಡೆ ಹೊಟ್ಟೆ ತುಂಬಿದ್ದರೂ ದುಡ್ಡು ವಸೂಲಿ ಮಾಡಲು ಮೂರು ಗಂಟೆ ಕೂರುತ್ತೇವೆ.

ಸಿಲ್ವರ್‌ಸೀ ಕಂಪನಿಯ ಸಿಲ್ವರ್ ಮೂನ್ ಇನ್ನೂ ಚಿಕ್ಕದು, 596 ಜನ. ಇಲ್ಲಿ ಕ್ಯಾವಿಯಾರ್ (ಉಪ್ಪು ಹಾಕಿದ ಮೀನಿನ ಮೊಟ್ಟೆ) ಬೇಕು ಅಂದರೆ ಕೋಣೆಗೇ ತಂದುಕೊಡುತ್ತಾರೆ, ಅದಕ್ಕೆ ಚಾರ್ಜ್ ಇಲ್ಲ. ಲಾ ದಾಮ್ ಅನ್ನುವ ಫ್ರೆಂಚ್ ರೆಸ್ಟೋರೆಂಟ್‌ನಲ್ಲಿ ಉಣ್ಣಲು ಮಾತ್ರ ಚಾರ್ಜ್ ಇದೆ. ಜಪಾನಿ ಅಡುಗೆಯ ಕೈಸೆಕಿಯಲ್ಲಿ ರಾತ್ರಿಗೆ ಚಾರ್ಜ್, ಮಧ್ಯಾಹ್ನಕ್ಕೆ ಇಲ್ಲ. ಇದನ್ನು ತಿಳಿದವರು ಸುಶಿಯನ್ನು ಮಧ್ಯಾಹ್ನವೇ ಮುಗಿಸಿಕೊಳ್ಳುತ್ತಾರೆ.

ಲಾ ದಾಮ್ ಮತ್ತು ಅದೇ ಹಡಗಿನ ಚಾರ್ಜ್ ಇಲ್ಲದ ರೆಸ್ಟೋರೆಂಟ್ ಅಟ್ಲಾಂಟಿಡ್ ಎರಡನ್ನೂ ಹೋಲಿಸಿ ನೋಡಿದೆ. ಲಾ ದಾಮ್‌ನಲ್ಲಿ ಬಡಿಸುವ ರೀತಿ ಸೊಗಸು. ತಟ್ಟೆ ಇಡುವ ಕೈ, ವೈನ್ ಬಗ್ಗೆ ಹೇಳುವ ಮಾತು, ಎರಡು ತಿನಿಸಿನ ನಡುವಿನ ಬಿಡುವು, ಎಲ್ಲ ಲೆಕ್ಕ ಹಾಕಿದ ಹಾಗೆ. ಆದರೆ ಅಟ್ಲಾಂಟಿಡ್‌ನಲ್ಲೂ ಮೀನನ್ನು ಆರ್ಡರ್ ಆದ ಮೇಲೇ ಬೇಯಿಸುತ್ತಾರೆ. 596 ಜನ ಏಳೆಂಟು ಕಡೆ ಹಂಚಿಹೋಗುವ ಹಡಗಿನಲ್ಲಿ ಪಂಕ್ತಿ ಅಡುಗೆಯ ಪ್ರಶ್ನೆಯೇ ಬರುವುದಿಲ್ಲ. ಕ್ವೀನ್ ಮೇರಿಯಲ್ಲಿ ಎಕ್ಸ್‌ಟ್ರಾ ದುಡ್ಡು ಅಡುಗೆಯನ್ನೇ ಬದಲಾಯಿಸಿತ್ತು. ಇಲ್ಲಿ ಅದು ಬದಲಾಯಿಸಿದ್ದು ಸಂಜೆಯ ಠೀವಿಯನ್ನು. ಮದುವೆಯ ವರ್ಷಾಚರಣೆಗೆ, ಸುಮ್ನೆ ಚೆನ್ನಾಗಿ ಉಡುಪು ಹಾಕಿಕೊಂಡು ಕೂರಲು ಒಳ್ಳೆಯದು. ನಾಲಿಗೆಗೆ ಮಾತ್ರ ಅಂತ ಕೇಳಿದರೆ ಕೊಡಬೇಕಾಗಿಲ್ಲ.

ಆ ಹಡಗಿನಲ್ಲಿ ನನ್ನ ಮನಸ್ಸು ಗೆದ್ದಿದ್ದು ಸಾಲ್ಟ್ ಕಿಚನ್. ಚಾರ್ಜ್ ಇಲ್ಲ. ಹಡಗು ಯಾವ ಊರಿನಲ್ಲಿ ನಿಲ್ಲುತ್ತದೋ ಆ ಕಡೆಯ ಅಡುಗೆ, ಮೆನು ಬಂದರಿನ ಜೊತೆ ಬದಲಾಗುತ್ತದೆ. ಬೆಳಿಗ್ಗೆ ಗ್ರೀಸ್‌ನ ಮಾರುಕಟ್ಟೆಯಲ್ಲಿ ನೋಡಿದ ತರಕಾರಿ, ಚೀಸ್ ರಾತ್ರಿ ತಟ್ಟೆಯಲ್ಲಿ ಗುರುತು ಸಿಗುತ್ತದೆ. ಬದನೆ, ಕಡಲೆ, ಆಲಿವ್ ಎಣ್ಣೆ ಇರುವ ಊರುಗಳಲ್ಲಿ ಸಸ್ಯಾಹಾರಿಗೂ ಚಿಂತೆ ಇಲ್ಲ.

ಸಸ್ಯಾಹಾರಿಗಳ ಕಥೆಗೆ ಬರುತ್ತೇನೆ, ಯಾಕೆಂದರೆ ನಮ್ಮವರಿಗೆ ಇದೇ ಮುಖ್ಯ ಪ್ರಶ್ನೆ. ಇನ್ನೊಂದು ಐಷಾರಾಮಿ ಹಡಗು, ಹೆಸರು ಬೇಡ. ಅಲ್ಲಿ ಟೇಸ್ಟಿಂಗ್ ಮೆನುಗೆ, ಅಂದರೆ ಬಾಣಸಿಗರೇ ಆರಿಸಿ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪ ಬಡಿಸುವ ಊಟಕ್ಕೆ, ಇಬ್ಬರಿಗೂ ಒಂದೇ ರೇಟ್. ನನಗೆ ಏಡಿ, ಸಿಗಡಿ, ಕಾಡ್ ಮೀನು, ಕೊನೆಗೆ ಓವನ್‌ನಲ್ಲಿ ಉಬ್ಬಿದ ಸಿಹಿ ಸೂಫ್ಲೇ. ಬಂದ ಐದು ನಿಮಿಷಕ್ಕೆ ಕುಸಿಯುವ ಆ ಸೂಫ್ಲೇಯನ್ನು ದೊಡ್ಡ ಹಾಲ್‌ನಲ್ಲಿ ಮಾಡಿಕೊಡುವುದು ಕಷ್ಟ, ಒಪ್ಪುತ್ತೇನೆ. ಯಜಮಾನರಿಗೆ ಬೀಟ್‌ರೂಟ್. ಮೊದಲು ಹಸಿಯಾಗಿ, ಆಮೇಲೆ ಸುಟ್ಟು, ಆಮೇಲೆ ನೊರೆಯಾಗಿ. ಸೂಫ್ಲೇಯಲ್ಲಿ ಮೊಟ್ಟೆ ಇದೆ ಅಂತ ಅವರಿಗೆ ಹಣ್ಣು ಹೆಚ್ಚಿಕೊಟ್ಟರು. ಅದೇ ಹಣ್ಣು ಬೆಳಿಗ್ಗೆ ಬಫೆಯಲ್ಲಿ ರಾಶಿ ಬಿದ್ದಿತ್ತು! ಒಂದೇ ರೇಟ್‌ಗೆ ಎರಡು ಊಟ ಅಂದರೆ ಇದೇ ನೋಡಿ.

ಮಾರನೆಯ ದಿನ ಮುಖ್ಯ ಡೈನಿಂಗ್ ರೂಮಿನಲ್ಲಿ ನಾವು ಮಾತಾಡುವುದು ಕೇಳಿ ಬಡಿಸುವ ಹುಡುಗ ಹತ್ತಿರ ಬಂದ. "ಅಕ್ಕಾ, ಊರಲ್ಲಿ ಎಲ್ಲಿ ನಿಮ್ದು?" ಅವನು ಉಡುಪಿ ಕಡೆಯವನು. ಕ್ರೂಸ್ ಹಡಗುಗಳಲ್ಲಿ ಗೋವಾ, ಮಂಗಳೂರು ಕಡೆಯ ಹುಡುಗರು ಎಷ್ಟೋ ಜನ ಇದ್ದಾರೆ. "ಸರ್‌ಗೆ ದಾಲ್, ಬೆಂಡೆಕಾಯಿ ಪಲ್ಯ ಮಾಡಿಸ್ತೇನೆ. ಒಂದು ದಿನ ಮೊದಲು ಹೇಳಿದ್ರೆ ಆಯ್ತು ಅಕ್ಕಾ" ಅಂದ. ಅದಕ್ಕೆ ಬಿಲ್ ಬರಲಿಲ್ಲ. ಹಡಗು ಯಾವುದಾದರೂ ಇರಲಿ, ಮೊದಲ ದಿನವೇ ಡೈನಿಂಗ್ ರೂಮಿನ ಮೇಲ್ವಿಚಾರಕರನ್ನು ಕಂಡು ಹೀಗೆ ಕೇಳಿ ನೋಡಿ. ಅಡುಗೆಮನೆಯಲ್ಲಿ ಭಾರತದವರು ಯಾರಾದರೂ ಇದ್ದರೆ ಸಸ್ಯಾಹಾರಿಗೆ ಯಾವ ದುಬಾರಿ ಟೇಸ್ಟಿಂಗ್ ಮೆನುವೂ ಇದಕ್ಕೆ ಸಮ ಬರುವುದಿಲ್ಲ.

ಕ್ರಿಸ್ಟಲ್ ಕಂಪನಿಯ ಹಡಗುಗಳ ಉಮಿ ಉಮಾ ರೆಸ್ಟೋರೆಂಟ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬಾಣಸಿಗ ನೊಬು ಮಾಟ್ಸುಹಿಸಾ ಅವರದ್ದು. ಮೊದಲ ಸಲ ಟಿಕೆಟ್‌ನಲ್ಲೇ ಸೇರಿರುತ್ತದೆ, ಮತ್ತೆ ಹೋದರೆ ಚಾರ್ಜ್. ಈ ಪದ್ಧತಿ ನನಗೆ ಹಿಡಿಸಿತು. ರುಚಿ ನೋಡಿ ಆಮೇಲೆ ದುಡ್ಡು ಬಿಚ್ಚುವುದು ನ್ಯಾಯ. ಮಿಸೊ ಹಚ್ಚಿದ ಬ್ಲ್ಯಾಕ್ ಕಾಡ್ ಮೀನು ಅವರಿಗೆ ಜಗತ್ತಿನಾದ್ಯಂತ ಹೆಸರು ತಂದ ತಿನಿಸು. ನೊಬು ಅವರ ನೆಲದ ಮೇಲಿನ ರೆಸ್ಟೋರೆಂಟ್‌ಗಳಲ್ಲಿ ಬರುವ ಬಿಲ್ ನೋಡಿದವರಿಗೆ ಎರಡನೇ ಸಲದ ಚಾರ್ಜ್ ದೊಡ್ಡದು ಅನಿಸದು. ನಾನು ಕೊಟ್ಟೆ. ಯಜಮಾನರು ಆ ರಾತ್ರಿ ಬೇರೆ ಕಡೆ ಪಾಸ್ತಾ ತಿಂದು ನೆಮ್ಮದಿಯಾಗಿದ್ದರು. ಅಂದಹಾಗೆ, ಇಬ್ಬರೂ ಒಟ್ಟಿಗೇ ಹೋಗಬೇಕು ಅಂತ ಕಾನೂನೇನೂ ಇಲ್ಲವಲ್ಲ.

ಸೀಬೋರ್ನ್ ಮತ್ತು ರೀಜೆಂಟ್ ಸೆವೆನ್ ಸೀಸ್ ಕಂಪನಿಗಳ ಹಡಗುಗಳಲ್ಲಿ ಸ್ಪೆಷಾಲಿಟಿ ರೆಸ್ಟೋರೆಂಟ್‌ಗೆ ಈ ತಕರಾರೇ ಇಲ್ಲ, ಎಲ್ಲ ಟಿಕೆಟ್‌ನಲ್ಲಿ ಬರುತ್ತದೆ. ಹಡಗು ಆರಿಸುವಾಗಲೇ ಇದನ್ನು ನೋಡಿಕೊಂಡರೆ ಆಮೇಲೆ ಗೊಣಗುವುದು ತಪ್ಪುತ್ತದೆ.

ಕೊಡಲೇಬೇಕು ಅನಿಸಿದರೆ ಕೆಲವು ಮಾತು. ಬಂದರಿನ ದಿನ ಬೇಡ. ಇಡೀ ದಿನ ಊರು ಸುತ್ತಿ ಬಂದು ಏಳು ತಿನಿಸಿನ ಊಟಕ್ಕೆ ಕೂತರೆ ಮೂರನೆಯದಕ್ಕೇ ತೂಕಡಿಕೆ. ಹಡಗು ಸಮುದ್ರದ ಮೇಲಿರುವ ದಿನಕ್ಕೆ ಬುಕ್ ಮಾಡಿ. ಆ ರೆಸ್ಟೋರೆಂಟ್‌ನ ಅವತ್ತಿನ ಮೆನುವನ್ನು ಮೊದಲೇ ಕೇಳಿ ಓದಿ. ಅದರಲ್ಲಿರುವುದು ಚಾರ್ಜ್ ಇಲ್ಲದ ಮುಖ್ಯ ಡೈನಿಂಗ್ ರೂಮಿನಲ್ಲೂ ಇದ್ದರೆ ಬಿಟ್ಟುಬಿಡಿ. ಊಟದ ಚಾರ್ಜ್‌ನಲ್ಲಿ ವೈನ್ ಸೇರಿದೆಯಾ ಅಂತ ಬಾಯಿಬಿಟ್ಟು ಕೇಳಿ, ಯಾಕೆಂದರೆ ಎಲ್ಲ ಸೇರಿದೆ ಅನ್ನುವ ಹಡಗಿನಲ್ಲೂ ದುಬಾರಿ ಬಾಟಲಿಗಳಿಗೆ ಬೇರೆ ಪಟ್ಟಿ ಇರುತ್ತದೆ. ದೊಡ್ಡ ಹಡಗಾದರೆ ಚಾರ್ಜ್‌ನ ಮೇಲೆ ಸರ್ವಿಸ್ ಅಂತ ಶೇಕಡಾ 18 ರಿಂದ 20 ಸೇರಿಸುವುದುಂಟು. ಮನಸ್ಸು ಬದಲಾದರೆ ಎಷ್ಟು ಗಂಟೆ ಮೊದಲು ರದ್ದು ಮಾಡಬೇಕು ಅಂತಲೂ ಆಗಲೇ ತಿಳಿದುಕೊಳ್ಳಿ. ಸಮುದ್ರ ಕೆರಳಿ ಹೊಟ್ಟೆ ತೊಳಸುವ ರಾತ್ರಿ ಯಾವಾಗ ಬರುತ್ತದೋ ಹೇಳಲಾಗದು.