ದೇವಿಮನೆ ಘಟ್ಟದ ‘ಟಕ್’ ಮತ್ತು ಶಿರಸಿಯ ಒಂದು ಗ್ಯಾರೇಜ್

ವಿದ್ಯುತ್ ಕಾರಿನಲ್ಲಿ ಇಂಜಿನ್ನಿನ ಗದ್ದಲ ಇಲ್ಲದಿರುವುದರಿಂದ ಉಳಿದ ಸಣ್ಣಪುಟ್ಟ ಸದ್ದುಗಳೆಲ್ಲ ಕಿವಿಗೆ ಬೀಳುತ್ತವೆ ಎಂಬ ಮಾತು ನಿಜವೇ. ಆದರೆ ಅದೇ ಮಾತನ್ನು ಹೇಳಿ ಗ್ರಾಹಕನನ್ನು ಸಾಗಹಾಕುವವರನ್ನೂ ನಾನು ಕಂಡಿದ್ದೇನೆ. ಕುಮಟಾದಿಂದ ಶಿರಸಿಗೆ ವಾರಕ್ಕೆ ಎರಡು ಬಾರಿ ಘಟ್ಟ ಹತ್ತಿಳಿಯುವ ನನ್ನ ಕಾರು 62,000 ಕಿ.ಮೀ. ಓಡಿದೆ, ಬ್ಯಾಟರಿಯ ವಾರಂಟಿಯೊಂದು ಬಿಟ್ಟರೆ ಉಳಿದದ್ದೆಲ್ಲ ಮುಗಿದಿದೆ. ಕಳೆದ ಮಳೆಗಾಲದ ಕೊನೆಯಲ್ಲಿ ಅದರಲ್ಲಿ ಎರಡು ಸದ್ದುಗಳು ಶುರುವಾದವು. ವೇಗ 50 ದಾಟಿದೊಡನೆ ಒಂದೇ ಸಮನೆ ‘ಗುಂಯ್’ ಎನ್ನುವುದು ಒಂದು. ದೇವಿಮನೆ ಘಟ್ಟದಲ್ಲಿ ಆಕ್ಸಲರೇಟರ್‌ನಿಂದ ಕಾಲು ತೆಗೆದು, ಮೋಟಾರೇ ಕಾರನ್ನು ಹಿಡಿದು ನಿಧಾನಿಸಲು ತೊಡಗುವ ಕ್ಷಣದಲ್ಲಿ ಮುಂದಿನಿಂದ ಬರುವ ‘ಟಕ್’ ಇನ್ನೊಂದು.

ಮೊದಲು ಹೋದ ಸರ್ವಿಸ್ ಸೆಂಟರಿನಲ್ಲಿ ಕಾರಿಗೆ ಸ್ಕ್ಯಾನರ್ ಜೋಡಿಸಿ, ದೋಷದ ಕೋಡ್ ಯಾವುದೂ ಇಲ್ಲವೆಂದು ತೋರಿಸಿ, ಕಾರು ಚೆನ್ನಾಗಿದೆ ಎಂದು ಕಳುಹಿಸಿದರು. ಚಕ್ರ ಸರಾಗವಾಗಿ ತಿರುಗಲು ಇರುವ ಬೇರಿಂಗ್ ಸವೆದರೆ ಅದು ಸಾಮಾನ್ಯವಾಗಿ ಯಾವ ಕೋಡನ್ನೂ ಬರೆದಿಡುವುದಿಲ್ಲ ಎಂಬುದು ಅವರಿಗೆ ತಿಳಿಯದ ಸಂಗತಿಯೇನಲ್ಲ. ಕಾರನ್ನು ಓಡಿಸಿ ನೋಡುವ ಗೋಜಿಗೆ ಮಾತ್ರ ಯಾರೂ ಹೋಗಲಿಲ್ಲ.

ಆಮೇಲೆ ನಾನು ಹೋದದ್ದು ಶಿರಸಿಯಲ್ಲಿ ಹುಬ್ಬಳ್ಳಿ ರಸ್ತೆಯ ಬದಿಯಲ್ಲಿರುವ ಒಂದು ಗ್ಯಾರೇಜಿಗೆ. ಅದಕ್ಕೆ ತಗಡಿನ ಮಾಡು, ಎರಡು ಗಾಡಿ ನಿಲ್ಲುವಷ್ಟು ಜಾಗ, ಒಂದು ಲಿಫ್ಟ್. ಮೆಕ್ಯಾನಿಕ್ ಬಾನೆಟ್ ತೆರೆಯುವ ಮೊದಲೇ ಕಾಲು ಗಂಟೆ ಪ್ರಶ್ನೆ ಕೇಳಿದರು: ಸದ್ದು ವೇಗದ ಜೊತೆ ಏರುತ್ತದೆಯೇ, ಆಕ್ಸಲರೇಟರ್ ಒತ್ತಿದಷ್ಟು ಏರುತ್ತದೆಯೇ, ಮಳೆ ಬಂದ ದಿನ ಹೆಚ್ಚೇ? ಅನಂತರ ನನ್ನನ್ನೇ ಓಡಿಸಲು ಹೇಳಿ ಪಕ್ಕದಲ್ಲಿ ಕುಳಿತರು. 60ರ ವೇಗದಲ್ಲಿ ನ್ಯೂಟ್ರಲ್‌ಗೆ ಹಾಕಿಸಿದಾಗಲೂ ‘ಗುಂಯ್’ ನಿಲ್ಲಲಿಲ್ಲ. ಹಾಗಾದರೆ ಮೋಟಾರಿನದಲ್ಲ ಎಂದು ನಾನು ತೀರ್ಪು ಕೊಟ್ಟಾಗ ಅವರು ನಕ್ಕರು. “ಮಾಸ್ತರೇ, ಇದು ಪೆಟ್ರೋಲ್ ಗಾಡಿ ಅಲ್ಲ. ನ್ಯೂಟ್ರಲ್‌ನಲ್ಲೂ ಮೋಟಾರು ಚಕ್ರದ ಜೊತೆಗೇ ತಿರುಗ್ತಾ ಇರ್ತದೆ.” ಇಂತಹ ಕಾರುಗಳಲ್ಲಿ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಮೋಟಾರು ಸಾಮಾನ್ಯವಾಗಿ ಒಂಬತ್ತು-ಹತ್ತು ಸುತ್ತು ತಿರುಗುವುದರಿಂದ ಅದರ ಸದ್ದು ಸಣ್ಣ ಸಿಳ್ಳೆಯಂತಿರುತ್ತದೆ, ಚಕ್ರದ ಸದ್ದು ಈ ‘ಗುಂಯ್’ನಂತೆ ದಪ್ಪಗಿರುತ್ತದೆ ಎಂದು ಅವರು ವಿವರಿಸಿದರು. ಎಡಕ್ಕೆ ತಿರುಗುವ ಪ್ರತಿಯೊಂದು ತಿರುವಿನಲ್ಲೂ ಸದ್ದು ಹೆಚ್ಚಾಗಿ, ಬಲಕ್ಕೆ ತಿರುಗಿದಾಗ ಬಹುತೇಕ ಅಡಗುತ್ತಿತ್ತು. ಎಡಕ್ಕೆ ತಿರುಗುವಾಗ ಭಾರವೆಲ್ಲ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆಯಾದ್ದರಿಂದ ಅನುಮಾನ ಬಲಬದಿಗೆ ಬಂತು.

ಗ್ಯಾರೇಜಿಗೆ ಮರಳಿದ ಮೇಲೆ ಅವರು ಟೈರುಗಳ ಮೈಮೇಲೆ ಅಂಗೈ ಸವರಿ ಸವಕಳಿ ಸಮನಾಗಿದೆ ಎಂದು ಖಚಿತಪಡಿಸಿಕೊಂಡರು. ಬಲ ಮುಂಚಕ್ರವನ್ನು ಎತ್ತಿ ತಿರುಗಿಸುತ್ತ ನನ್ನ ಕೈಯನ್ನು ಅಲ್ಲಿನ ಸ್ಪ್ರಿಂಗಿನ ಮೇಲೆ ಇರಿಸಿದರು. ರಾಗಿ ಬೀಸುವ ಕಲ್ಲನ್ನು ಮುಟ್ಟಿದಂತೆ ಒರಟಾದ ನಡುಕ ಬೆರಳಿಗೆ ತಾಗಿತು. ಎಡಗಡೆಯ ಸ್ಪ್ರಿಂಗಿನಲ್ಲಿ ಅದು ಇರಲಿಲ್ಲ. ಸವೆದದ್ದು ಬಲ ಮುಂಚಕ್ರದ ಬೇರಿಂಗ್.

‘ಟಕ್’ ವಿಷಯದಲ್ಲಿ ಅವರ ಮೊದಲ ಊಹೆ ತಪ್ಪಿತು. ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳಿನ ಕೊಂಡಿಯನ್ನು (ಸ್ಟೆಬಿಲೈಸರ್ ಲಿಂಕ್) ಬದಲಿಸಿದರೂ ಸದ್ದು ಹೋಗಲಿಲ್ಲ. ಕೂಲಿ ತೆಗೆದುಕೊಳ್ಳಲಿಲ್ಲವಾದರೂ ಬಿಡಿಭಾಗದ 900 ರೂಪಾಯಿ ನನ್ನ ಲೆಕ್ಕಕ್ಕೇ ಬಂತು, ಇದು ನನಗೆ ಸರಿ ಕಾಣಲಿಲ್ಲ. ಬೇರಿಂಗ್ ಬದಲಿಸಲು ಆಕ್ಸಲ್ ನಟ್ ಬಿಚ್ಚಿದಾಗ ನಿಜವಾದ ಕಾರಣ ಹೊರಬಿತ್ತು: ಚಕ್ರವನ್ನು ತಿರುಗಿಸುವ ಆಕ್ಸಲ್ಲಿನ ಹಲ್ಲುಗಳು ಚಕ್ರದ ನಡುಭಾಗವಾದ ಹಬ್ಬಿನೊಳಗೆ ಕೂರುವ ಜಾಗದಲ್ಲಿ ಗ್ರೀಸ್ ಒಣಗಿ, ಕುಂಕುಮದಂತಹ ತುಕ್ಕಿನ ಪುಡಿ ತುಂಬಿತ್ತು. ಮೋಟಾರು ಎಳೆಯುವುದನ್ನು ಬಿಟ್ಟು ಹಿಡಿಯತೊಡಗಿದಾಗ ಎಳೆತದ ದಿಕ್ಕು ಬದಲಾಗಿ ಆ ಹಲ್ಲುಗಳು ಅತ್ತಿಂದಿತ್ತ ಸರಿಯುತ್ತಿದ್ದವು. ಒರೆಸಿ, ಗ್ರೀಸ್ ಹಚ್ಚಿ, ಹೊಸ ನಟ್ಟನ್ನು ಟಾರ್ಕ್ ರೆಂಚಿನಿಂದ ಅಳತೆಗೆ ತಕ್ಕಷ್ಟೇ ಬಿಗಿದರು. ಎರಡೂ ಸದ್ದುಗಳು ಹೋದವು.

ಇವೆರಡರ ಹೊರತಾಗಿ ಮಳೆಯ ಮರುದಿನ ಬೆಳಿಗ್ಗೆ ಕೇಳುವ ‘ಕರ್ರ್’ ಎಂಬ ಕೆರೆತಕ್ಕೆ ಅವರು ಒಂದು ಪೈಸೆಯನ್ನೂ ಕೇಳಲಿಲ್ಲ. ವೇಗ ತಗ್ಗಿಸುವ ಕೆಲಸವನ್ನು ಮೋಟಾರೇ ಮಾಡುವುದರಿಂದ ಬ್ರೇಕಿಗೆ ಕೆಲಸ ಕಡಿಮೆಯಾಗಿ, ಕರಾವಳಿಯ ಉಪ್ಪು ಗಾಳಿಗೆ ಡಿಸ್ಕ್ ತುಕ್ಕು ಹಿಡಿಯುತ್ತದೆ. ರಸ್ತೆ ಖಾಲಿ ಇರುವಾಗ ಮೋಟಾರು ವೇಗ ತಗ್ಗಿಸುವ ಪ್ರಮಾಣವನ್ನು, ಅಂದರೆ ರೀಜನ್ ಮಟ್ಟವನ್ನು, ಸೊನ್ನೆಗೆ ಇಳಿಸಿ ನಾಲ್ಕಾರು ಬಾರಿ ಬ್ರೇಕ್ ಒತ್ತಿದರೆ ಸಾಕು ಎಂದರು. ಹಾಗೆ ಮಾಡಿದೆ, ಸಾಕಾಯಿತು. ಹೆಚ್ಚು ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್ ಇರುವ ಕಡೆ ತಾವು ಕೈ ಹಾಕುವುದಿಲ್ಲವೆಂದೂ ಬ್ಯಾಟರಿ, ಇನ್ವರ್ಟರ್ ಕೆಲಸವಾದರೆ ಕಂಪನಿಯವರಲ್ಲಿಗೇ ಹೋಗಬೇಕೆಂದೂ ಅವರು ಮೊದಲೇ ಹೇಳಿಬಿಡುತ್ತಾರೆ. ಅವರ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಮುಖ್ಯವಾಗಿ ಈ ಮಾತಿನಿಂದ.

ಬೇರಿಂಗಿಗೆ 4,200, ಕೂಲಿಗೆ 1,800 ರೂಪಾಯಿ ಆಯಿತು. ಬಿಡಿಭಾಗ ಹುಬ್ಬಳ್ಳಿಯಿಂದ ಬರಲು ಐದು ದಿನ ಹಿಡಿಯಿತು. ನಡುವೆ ಫೋನ್ ಮಾಡಿ ತಿಳಿಸುವ ಪದ್ಧತಿ ಅಲ್ಲಿಲ್ಲ, ನಾವೇ ಮಾಡಬೇಕು. ಬಿಲ್ಲಿನಲ್ಲಿ ಯಾವ ಪರೀಕ್ಷೆಯಿಂದ ಏನು ತಿಳಿಯಿತು ಎಂಬ ಒಂದು ಸಾಲೂ ಇರುವುದಿಲ್ಲ, ಮುಂದೆ ಕಾರು ಮಾರುವವರಿಗೆ ಇದೊಂದು ಕೊರತೆಯೇ. ಕಾಯಲು ಇರುವುದು ಒಂದು ಮರದ ಬೆಂಚು. ಕಾರನ್ನು ಹಿಂದಿನ ಸಂಜೆಯೇ ಅಲ್ಲಿ ಬಿಟ್ಟುಹೋಗುವುದು ಒಳ್ಳೆಯದು, ಏಕೆಂದರೆ ರಾತ್ರಿಯಿಡೀ ತಣ್ಣಗೆ ನಿಂತ ಕಾರಿನ ಮೊದಲ ಸದ್ದನ್ನು ಅವರು ತಾವೇ ಕೇಳಬಯಸುತ್ತಾರೆ.