ಡಾಂಬರು ರಸ್ತೆಯ ಜಾಯಿಂಟ್‌ಗೆ ಬಿಸಿ ಸೀಲೆಂಟ್: ಒಂದು ಮಳೆಗಾಲ ನೋಡಿ ಬರೆಯುತ್ತಿದ್ದೇನೆ

ತುಮಕೂರಿನ ಅಂತರಸನಹಳ್ಳಿ ಹತ್ತಿರ ನಮ್ಮ ಹುಣಸೆಹಣ್ಣಿನ ಗೋಡೌನ್ ಇದೆ. ಗೇಟಿನಿಂದ ಶಟರ್ ತನಕ 40 ಮೀಟರ್ ಡಾಂಬರು ರಸ್ತೆ. ಲಾರಿ ಓಡಾಟ ನಿಲ್ಲಬಾರದು ಅಂತ ಒಂದು ದಿನ ಅರ್ಧ ಅಗಲ, ಎರಡು ದಿನ ಬಿಟ್ಟು ಉಳಿದರ್ಧ ಹಾಕಿಸಿದ್ದೆ. ತೊಂದರೆ ಶುರುವಾಗಿದ್ದು ಆ ನಡುವಿನ ಗೆರೆಯಲ್ಲೇ. ತಣ್ಣಗಾದ ಅಂಚಿಗೆ ಹೊಸ ಡಾಂಬರು ಸರಿಯಾಗಿ ಅಂಟುವುದಿಲ್ಲ, ಅಂಚಿನಲ್ಲಿ ಜಲ್ಲಿ ರೋಲರ್‌ಗೆ ಪೂರ್ತಿ ಕೂರುವುದೂ ಇಲ್ಲ, ಹಾಗಾಗಿ ಒಳಗೆ ನೀರಿಗೆ ದಾರಿ ಉಳಿಯುತ್ತದೆ. ಹಳೇ ಅಂಚನ್ನು ನೇರಕ್ಕೆ ಕತ್ತರಿಸಿ, ಬಿಸಿ ಡಾಂಬರು ಸವರಿ, ಆಮೇಲೆ ಹೊಸದನ್ನು ಹಾಕಬೇಕಿತ್ತು. ಅವತ್ತು ಕೆಲಸ ಮಾಡಿದವರು ಎರಡೂ ಮಾಡಲಿಲ್ಲ. ನನಗೂ ಗೊತ್ತಿರಲಿಲ್ಲ.

ಎರಡನೇ ವರ್ಷಕ್ಕೆ ಗೆರೆ ಬಾಯಿ ಬಿಟ್ಟಿತು. ಪೊರಕೆ ಕಡ್ಡಿ ಇಳಿಸಿದರೆ ಎರಡು ಇಂಚು ಒಳಗೆ ಹೋಯಿತು. ಮಳೆ ನಿಂತು ಎಷ್ಟೋ ಹೊತ್ತಾದ ಮೇಲೂ ಲಾರಿ ಚಕ್ರ ಹತ್ತಿದಾಗೆಲ್ಲ ಆ ಸಂದಿಯಿಂದ ಕೆಂಪು ನೀರು ಉಕ್ಕುತ್ತಿತ್ತು. ಅಂದರೆ ಕೆಳಗಿನ ಮಣ್ಣೇ ಕರಗಿ ಬರುತ್ತಿದೆ, ಅಲ್ವಾ? ನೋಡಿ ಹೊಟ್ಟೆ ಉರಿಯಿತು. ಮೊದಲು ಸಿಮೆಂಟ್ ಹಾಲು ಸುರಿಸಿದೆ, ತಿಂಗಳಲ್ಲೇ ಎದ್ದು ಬಂತು. ಡಾಂಬರು ಬಿಸಿಲಿಗೆ ಹಿಗ್ಗುತ್ತೆ, ಚಳಿಗೆ ಕುಗ್ಗುತ್ತೆ, ಸಿಮೆಂಟ್ ಅದರ ಜೊತೆ ಬಗ್ಗುವುದಿಲ್ಲ.

ಕೊನೆಗೆ ಮಾರ್ಚ್‌ನಲ್ಲಿ ಇಲ್ಲೇ ಊರಿನ ಒಂದು ಚಿಕ್ಕ ತಂಡವನ್ನು ಕರೆಸಿದೆ. ರಬ್ಬರ್ ಬೆರೆಸಿದ ಡಾಂಬರು ಸೀಲೆಂಟ್, ಅಂದರೆ ಕಾಯಿಸಿ ಸಂದಿಗೆ ಸುರಿದು ಮುಚ್ಚುವ ಅಂಟು; ರನ್ನಿಂಗ್ ಮೀಟರ್ ಲೆಕ್ಕದಲ್ಲಿ ರೇಟ್. ನನಗೆ ತುಂಬಾ ಹಿಡಿಸಿದ್ದು ಏನಂದ್ರೆ, ಮೊದಲ ಅರ್ಧ ದಿನ ಅವರು ಸೀಲೆಂಟ್ ಮುಟ್ಟಲೇ ಇಲ್ಲ. ಸಂದಿಯನ್ನು ಮಷೀನಿನಲ್ಲಿ ಸ್ವಲ್ಪ ಅಗಲ ಮಾಡಿದರು, ತಂತಿ ಬ್ರಷ್‌ನಲ್ಲಿ ಉಜ್ಜಿದರು, ಕಂಪ್ರೆಸರ್ ಗಾಳಿ ಹೊಡೆದರು. ವಯಸ್ಸಾದ ಒಬ್ಬರು ಸಂದಿ ಮೇಲೆ ಅಂಗೈ ಇಟ್ಟು, "ಇನ್ನೂ ಥಂಡಿ ಐತೆ ಸಾರ್, ಮಧ್ಯಾಹ್ನದವರೆಗೂ ಬಿಸಿಲು ಬೀಳಲಿ" ಅಂದರು. ಧೂಳು, ತೇವ ಇದ್ದರೆ ಸೀಲೆಂಟ್ ಧೂಳಿಗೆ ಅಂಟುತ್ತೆ, ರಸ್ತೆಗಲ್ಲ. ಕಾಯಿಸುವಾಗಲೂ ಥರ್ಮಾಮೀಟರ್ ಇಟ್ಟು 180 ಡಿಗ್ರಿ ಆಸುಪಾಸಿನಲ್ಲೇ ನಿಲ್ಲಿಸಿದರು. ಜಾಸ್ತಿ ಕಾಯಿಸಿದರೆ ರಬ್ಬರಿನ ಎಳೆತ ಹೋಗುತ್ತದೆ.

ತಪ್ಪು ಒಂದಾಯಿತು. ಶಟರ್ ಹತ್ತಿರ ಸಂದಿ ತುಂಬಿ ಮೇಲೆ ಉಬ್ಬುವಷ್ಟು ಸುರಿದಿದ್ದರು. ಏಪ್ರಿಲ್ ಬಿಸಿಲಿಗೆ ಅದು ಜಿಗುಟಾಗಿ ಲಾರಿ ಟೈರಿಗೆ ಅಂಟಿ ಎಳೆದುಕೊಂಡು ಬಂತು. ಫೋನ್ ಮಾಡಿದ ಮರುದಿನವೇ ಬಂದು ಹೆಚ್ಚಿದ್ದನ್ನು ಕೆರೆದು, ಮೇಲೆ ಕಲ್ಲುಪುಡಿ ಉದುರಿಸಿ ಹೋದರು. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಅದಕ್ಕೇ ಐದಕ್ಕೆ ನಾಲ್ಕು ಕೊಡುತ್ತೇನೆ.

ನಿಮ್ಮಲ್ಲಿ ಆಗಲೇ ರಸ್ತೆ ಕುಸಿದು ಗುಂಡಿ ಬಿದ್ದಿದ್ದರೆ ಇದಕ್ಕೆ ಸುಮ್ನೆ ದುಡ್ಡು ಹಾಕಬೇಡಿ, ಅಗೆದು ತಳದಿಂದಲೇ ಮಾಡಿಸಿ.

ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ. ಅದು ಮುಗಿದ ಮೇಲೆ ಅದೇ ಪೊರಕೆ ಕಡ್ಡಿ ಹಿಡಿದು ಗೆರೆಯುದ್ದಕ್ಕೂ ನಡೆದೆ, ಎಲ್ಲೂ ಇಳಿಯಲಿಲ್ಲ. ಡಾಂಬರು ಕಾಂಕ್ರೀಟ್ ರ್‍ಯಾಂಪ್‌ಗೆ ಸೇರುವ ಕಡೆ ಮಾತ್ರ ಕೂದಲೆಳೆಯಷ್ಟು ಬಿಟ್ಟಿದೆ. ಚಳಿಗೆ ಸಂದಿ ಇನ್ನೂ ಅಗಲವಾಗಿ ತೆರೆಯುತ್ತದೆ, ಜನವರಿಯಲ್ಲಿ ಬಂದು ತುಂಬುತ್ತೇವೆ ಅಂದಿದ್ದಾರೆ.